ಸೈಕಲ್ ಸವಾರರು ಅಂಗಡಿ ಇಟ್ಟಾಗ

ಹವ್ಯಾಸವನ್ನೇ ಹೊಟ್ಟೆಪಾಡಿನ ದಾರಿ ಮಾಡಿಕೊಂಡವನಷ್ಟು ಸುಖಿ ಬೇರೊಬ್ಬನಿಲ್ಲ ಎಂಬ ಮಾತು ಬಹಳ ಕಾಲದಿಂದ ಚಲಾವಣೆಯಲ್ಲಿದೆ. ಗಿಡ ಬೆಳೆಸುವ ಹುಚ್ಚಿರುವವನು ನರ್ಸರಿ ಇಡಲಿ, ಪುಸ್ತಕದ ಹುಳು ಪುಸ್ತಕದ ಅಂಗಡಿ ಇಡಲಿ, ಸೈಕಲ್ ಹತ್ತಿದರೆ ಊಟವನ್ನೇ ಮರೆಯುವ ಹುಡುಗ ಸೈಕಲ್ ಶಾಪ್ ತೆರೆಯಲಿ. ಕೇಳುವುದಕ್ಕೆ ಎಷ್ಟು ಸೊಗಸು! ಆದರೆ ಮಗ ಇದೇ ಮಾತನ್ನು ಮನೆಯಲ್ಲಿ ಹೇಳಿದಾಗ ಅಪ್ಪ-ಅಮ್ಮನ ಹಣೆಯ ಮೇಲೆ ಗೆರೆಗಳು ಮೂಡುತ್ತವೆ. ಓದು ಏನಾಯಿತು, ಬಂಡವಾಳ ಎಲ್ಲಿಂದ, ನಾಲ್ಕು ಜನ ಏನೆಂದಾರು ಎಂಬ ಪ್ರಶ್ನೆಗಳು ಸಾಲಾಗಿ ಬರುತ್ತವೆ.

ಈ ಪ್ರಶ್ನೆಗಳೆಲ್ಲ ನ್ಯಾಯವಾದವೇ. ಆದರೆ ಇವುಗಳ ನಡುವೆ ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ಅಂಗಡಿ ತೆರೆದ ಮೇಲೆ ಹುಡುಗ ಸೈಕಲ್ ತುಳಿಯುವುದು ಯಾವಾಗ? ಬಿಸಿಲು ಹಿತವಾಗಿರುವ ದಿನ, ರಸ್ತೆ ಒಣಗಿರುವ ದಿನ, ರಜೆಯ ದಿನ ಸವಾರಿಗೆ ಚೆನ್ನ. ಗಿರಾಕಿಗಳು ಅಂಗಡಿಗೆ ಮುತ್ತುವುದೂ ಅದೇ ದಿನಗಳಲ್ಲಿ. ತನ್ನ ಸೈಕಲನ್ನು ಗೋಡೆಗೆ ಒರಗಿಸಿ, ಬೇರೆಯವರ ಚಕ್ರದ ಬೆಂಡ್ ತೆಗೆಯುತ್ತ ಕೂರುವುದು ಅಂಗಡಿಯವನ ಹಣೆಬರಹ. ಪ್ರೀತಿಯಿಂದ ಆರಂಭಿಸಿದ ಅಂಗಡಿಯೇ ಆ ಪ್ರೀತಿಯನ್ನು ನುಂಗಿಬಿಡಬಹುದು.

ನೂರಮೂವತ್ತು ವರ್ಷಗಳಿಗೂ ಹಿಂದೆ ಅಮೆರಿಕದ ಒಹಾಯೊ ರಾಜ್ಯದ ಡೇಟನ್ ಎಂಬ ಊರಿನಲ್ಲಿ ಇಬ್ಬರು ಅಣ್ಣತಮ್ಮಂದಿರು ಈ ಪ್ರಶ್ನೆಯನ್ನು ಎದುರಿಸಿದರು. ಅವರ ಹೆಸರು ಶಾಲೆಯ ಮಕ್ಕಳಿಗೆಲ್ಲ ಬಾಯಿಪಾಠ. ಆದರೆ ಅವರು ಹದಿನೈದು ವರ್ಷದ ಹತ್ತಿರ ಸೈಕಲ್ ಅಂಗಡಿಯವರಾಗಿದ್ದರು ಎಂಬುದನ್ನು ಪಾಠಪುಸ್ತಕಗಳು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ವಿಮಾನ ಹಾರಿಸಿದ ವಿಲ್ಬರ್ ರೈಟ್ ಮತ್ತು ಆರ್ವಿಲ್ ರೈಟ್ ಅವರೇ ಈ ಅಣ್ಣತಮ್ಮಂದಿರು. ಇಲ್ಲಿ ಮಾತ್ರ ವಿಮಾನ ಸ್ವಲ್ಪ ಹಿಂದೆ ನಿಲ್ಲಲಿ. ಅಂಗಡಿಯ ಬಾಗಿಲು ಮೊದಲು ತೆರೆಯಲಿ.

ಎರಡು ಸೈಕಲ್, ಎರಡು ಸ್ವಭಾವ

1890ರ ದಶಕದ ಆರಂಭದಲ್ಲಿ ಅಮೆರಿಕಕ್ಕೆ ಸೈಕಲ್ ಹುಚ್ಚು ಹಿಡಿದಿತ್ತು. ಅದಕ್ಕೂ ಮುಂಚೆ ಇದ್ದದ್ದು ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರ ಇದ್ದ ಗಾಡಿ. ಅದನ್ನು ಹತ್ತುವುದೇ ಒಂದು ಸಾಹಸ, ಬಿದ್ದರೆ ತಲೆಗೇ ಪೆಟ್ಟು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 'ರೋವರ್' ಎಂಬ ಸೈಕಲನ್ನು ಹೊರತಂದ. ಹೆಚ್ಚುಕಡಿಮೆ ಒಂದೇ ಅಳತೆಯ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಚೈನು. ಇಂದಿನ ಸೈಕಲ್ಲಿನ ಮೂಲರೂಪ ಅದೇ. 1888ರಲ್ಲಿ ಜಾನ್ ಬಾಯ್ಡ್ ಡನ್ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಈ ಎರಡೂ ಸೇರಿದ ಮೇಲೆ ಗಂಡಸು, ಹೆಂಗಸು, ಮುದುಕರು ಎನ್ನದೆ ಎಲ್ಲರೂ ಸೈಕಲ್ ಹತ್ತಿದರು.

1892ರ ವಸಂತದಲ್ಲಿ ಆರ್ವಿಲ್ ರೈಟ್ ಹೊಸ 'ಕೊಲಂಬಿಯಾ' ಸೈಕಲ್ ಕೊಂಡ. ಬೆಲೆ 160 ಡಾಲರ್. ಅಂದಿನ ಅಮೆರಿಕದ ಕೂಲಿಯವನಿಗೆ ಅದು ಹಲವು ತಿಂಗಳ ದುಡಿಮೆ. ಅಣ್ಣ ವಿಲ್ಬರ್ ಅಷ್ಟು ದುಡ್ಡು ಸುರಿಯುವವನಲ್ಲ. ಕೆಲವು ವಾರ ಕಾದು, ಹರಾಜಿನಲ್ಲಿ 80 ಡಾಲರಿಗೆ ಹಳೆಯ 'ಈಗಲ್' ಸೈಕಲ್ ತಂದ. ಈ ಒಂದು ವ್ಯಾಪಾರದಲ್ಲೇ ಇಬ್ಬರ ಸ್ವಭಾವ ಗೊತ್ತಾಗುತ್ತದೆ. ಇಪ್ಪತ್ತೊಂದು ತುಂಬುತ್ತಿದ್ದ ಆರ್ವಿಲ್‌ಗೆ ವೇಗ ಬೇಕು. ಅವನು ಪಂದ್ಯಗಳಿಗೆ ಹೋದ, ಪದಕಗಳನ್ನೂ ತಂದ. ಇಪ್ಪತ್ತೈದರ ವಿಲ್ಬರ್‌ಗೆ ಹಳ್ಳಿದಾರಿಯಲ್ಲಿ ನಿಧಾನವಾಗಿ ಬಹುದೂರ ಹೋಗುವುದು ಇಷ್ಟ.

ಆ ವರ್ಷವೇ ಅಣ್ಣತಮ್ಮಂದಿರು ಡೇಟನ್‌ನಿಂದ ದಕ್ಷಿಣಕ್ಕೆ ಮಯಾಮಿಸ್‌ಬರ್ಗ್ ಎಂಬ ಊರಿನ ತನಕ ಹೋಗಿಬಂದರು. ಅಲ್ಲಿ ಅಮೆರಿಕದ ಮೂಲನಿವಾಸಿಗಳು ಎರಡು ಸಾವಿರ ವರ್ಷಗಳ ಹಿಂದೆ ಕಟ್ಟಿದ ದೊಡ್ಡ ಮಣ್ಣಿನ ದಿಬ್ಬವೊಂದಿದೆ. ಅದನ್ನು ನೋಡಿ, ಗುಡ್ಡ ಹತ್ತಿ ಇಳಿದು ಬರುವಷ್ಟರಲ್ಲಿ 31 ಮೈಲಿ, ಅಂದರೆ ಸುಮಾರು 50 ಕಿಲೋಮೀಟರ್ ಆಗಿತ್ತು. ಈ ಸವಾರಿಯನ್ನು ವಿಲ್ಬರ್ ತಂಗಿ ಕ್ಯಾಥರೀನ್‌ಗೆ ಕಾಗದದಲ್ಲಿ ವಿವರವಾಗಿ ಬರೆದ. ಆ ಕಾಗದದಲ್ಲಿ ವ್ಯಾಪಾರವಿಲ್ಲ, ಲಾಭನಷ್ಟವಿಲ್ಲ. ಇರುವುದು ಸವಾರಿಯ ಸಂತೋಷ ಒಂದೇ.

ಆ ವರ್ಷದ ಡಿಸೆಂಬರ್‌ನಲ್ಲಿ ಅವರು ಅಂಗಡಿಗೆ ಜಾಗ ಹಿಡಿದರು.

ಅಂಗಡಿ ಹುಟ್ಟಿದ ಬಗೆ

ಅಂಗಡಿ ಇಡಬೇಕೆಂದು ಕನಸು ಕಂಡು ಇಟ್ಟವರಲ್ಲ ಇವರು. ಆಗಲೇ ಸಣ್ಣದೊಂದು ಮುದ್ರಣಾಲಯ ನಡೆಸುತ್ತಿದ್ದರು. ಇಬ್ಬರ ಕೈಯೂ ಯಂತ್ರಗಳಲ್ಲಿ ಪಳಗಿತ್ತು. ಗೆಳೆಯರ ಸೈಕಲ್ ಕೆಟ್ಟರೆ ಇವರ ಹತ್ತಿರವೇ ತರುತ್ತಿದ್ದರು. ಪುಕ್ಕಟೆ ರಿಪೇರಿ ಹೆಚ್ಚಾದಾಗ, ಇದನ್ನೇ ಕಸುಬು ಮಾಡಿದರೆ ಹೇಗೆ ಎನಿಸಿತು. 1893ರ ವಸಂತಕ್ಕೆ ಡೇಟನ್‌ನ ವೆಸ್ಟ್ ಥರ್ಡ್ ಸ್ಟ್ರೀಟ್‌ನಲ್ಲಿ ವ್ಯಾಪಾರ ಶುರುವಾಯಿತು. ಮಾರಾಟ, ರಿಪೇರಿ, ಬಾಡಿಗೆ ಮೂರೂ ಇತ್ತು. ಬಾಡಿಗೆ ಸೈಕಲ್ ಎಂದರೆ ಏನೆಂದು ನಮ್ಮ ಊರುಗಳ ಹಿರಿಯರಿಗೆ ಬಿಡಿಸಿ ಹೇಳಬೇಕಿಲ್ಲ. ಗಂಟೆಯ ಲೆಕ್ಕದಲ್ಲಿ ಸೈಕಲ್ ತಂದು, ಮಂಡಿ ತರಚಿಕೊಂಡು ಕಲಿತವರೇ ಅವರಲ್ಲಿ ಹೆಚ್ಚು ಮಂದಿ.

ಅಂಗಡಿಯ ಹಿಂದೆ ಒಂದು ಮನೆಯ ಕಥೆಯೂ ಇದೆ. ತಂದೆ ಮಿಲ್ಟನ್ ರೈಟ್ ಅವರು ಕ್ರೈಸ್ತ ಧರ್ಮಸಭೆಯೊಂದರ ಬಿಷಪ್. ತಿಂಗಳುಗಟ್ಟಲೆ ಪ್ರವಾಸದಲ್ಲಿರುತ್ತಿದ್ದರು. ಮನೆಯ ತುಂಬ ಪುಸ್ತಕಗಳು. ತಾಯಿ ಸೂಸನ್ ಅವರಿಗೆ ಉಪಕರಣಗಳ ಕೈಚಳಕ ತಮ್ಮ ತಂದೆಯಿಂದ ಬಂದದ್ದು. ಅವರು ಗಾಡಿ ತಯಾರಿಸುವವರಾಗಿದ್ದರು. ಮಕ್ಕಳ ಆಟಿಕೆಗಳನ್ನು ಸೂಸನ್ ತಾವೇ ಮಾಡಿಕೊಡುತ್ತಿದ್ದರು. ವಿಲ್ಬರ್ ಓದಿನಲ್ಲಿ ಚುರುಕು. ಯೇಲ್ ವಿಶ್ವವಿದ್ಯಾಲಯಕ್ಕೆ ಕಳುಹಿಸುವ ಮಾತೂ ಮನೆಯಲ್ಲಿ ನಡೆದಿತ್ತು. ಆದರೆ ಹದಿಹರೆಯದ ಕೊನೆಯಲ್ಲಿ ಮಂಜುಗಡ್ಡೆಯ ಮೇಲೆ ಆಡುವಾಗ ಎದುರಾಳಿಯ ಕೋಲು ಮುಖಕ್ಕೆ ಬಡಿದು ಮುಂದಿನ ಹಲ್ಲುಗಳು ಹೋದವು. ಗಾಯ ಮಾಯಿತು, ಆದರೆ ಆರೋಗ್ಯದ ಮೇಲಿನ ನಂಬಿಕೆ ಹೋಯಿತು. ಆ ಹೊತ್ತಿಗೆ ತಾಯಿಗೆ ಕ್ಷಯ. ವಿಲ್ಬರ್ ಕಾಲೇಜಿನ ಮಾತು ಬಿಟ್ಟು ತಾಯಿಯ ಆರೈಕೆಗೆ ನಿಂತ. 1889ರ ಜುಲೈ 4ರಂದು ತಾಯಿ ತೀರಿಕೊಂಡರು. ಆರ್ವಿಲ್ ಹೈಸ್ಕೂಲಿನ ಕೊನೆಯ ವರ್ಷಕ್ಕೆ ಹೋಗದೆ ಮುದ್ರಣಕ್ಕೆ ಇಳಿದ. ಇಬ್ಬರ ಕೈಯಲ್ಲೂ ಹೈಸ್ಕೂಲಿನ ಪ್ರಮಾಣಪತ್ರ ಇರಲಿಲ್ಲ.

ಇಂದಿನ ತಂದೆತಾಯಿಯರ ಕಣ್ಣಿನಲ್ಲಿ ನೋಡಿದರೆ ಬಿಷಪ್ಪರದು ಸಂಕಟದ ಸ್ಥಿತಿಯೇ. ಓದುವ ಶಕ್ತಿ ಇದ್ದ ಇಬ್ಬರು ಮಕ್ಕಳು ಪಂಕ್ಚರ್ ಹಾಕುತ್ತ ಕುಳಿತಿದ್ದಾರೆ!

ಮಗನ ಕಾಗದ, ತಂದೆಯ ಉತ್ತರ

ಅಂಗಡಿ ಹೂವಿನ ಹಾಸಿಗೆಯಾಗಿರಲಿಲ್ಲ. ಸೈಕಲ್ ಹುಚ್ಚು ಹೆಚ್ಚಿದಂತೆ ಅಂಗಡಿಗಳೂ ಹೆಚ್ಚಿದವು. ಡೇಟನ್ ಒಂದರಲ್ಲೇ ಪೈಪೋಟಿಗೆ ಹತ್ತಾರು ಮಂದಿ. ಚಳಿಗಾಲ ಬಂತೆಂದರೆ ರಸ್ತೆಯ ಮೇಲೆ ಹಿಮ. ಸೈಕಲ್ ಕೊಳ್ಳುವವರಿಲ್ಲ, ಕೆಡಿಸಿಕೊಂಡು ಬರುವವರೂ ಇಲ್ಲ.

1894ರ ಸೆಪ್ಟೆಂಬರ್‌ನಲ್ಲಿ ವಿಲ್ಬರ್ ಪ್ರವಾಸದಲ್ಲಿದ್ದ ತಂದೆಗೆ ಒಂದು ಕಾಗದ ಬರೆದ. ಮೊದಲು ಅಂಗಡಿಯ ವರದಿ. ಹೊಸ ಸೈಕಲ್ ಮಾರಾಟ ಈ ವರ್ಷಕ್ಕೆ ಮುಗಿದಂತೆ. ರಿಪೇರಿ ಪರವಾಗಿಲ್ಲ. ಮೂರು ಸೈಕಲ್‌ಗಳ ಬಾಡಿಗೆಯಿಂದ ತಿಂಗಳಿಗೆ ಸುಮಾರು 20 ಡಾಲರ್ ಬರುತ್ತಿದೆ. ಬಳಿಕ ಮನಸ್ಸಿನ ಮಾತು. ವ್ಯಾಪಾರದಲ್ಲಿ ಗೆಲ್ಲುವ ಗುಣ ತನ್ನಲ್ಲಿ ವಿಶೇಷವಾಗಿ ಇದೆ ಎನಿಸುವುದಿಲ್ಲ, ಬುದ್ಧಿಗೆ ಕೆಲಸ ಕೊಡುವುದೇ ತನಗೆ ಸುಖ, ಕಾಲೇಜಿಗೆ ಹೋಗುವ ಯೋಚನೆ ಹಲವು ವರ್ಷಗಳಿಂದ ಇದೆ ಎಂದು ಬರೆದ. ಆಗ ಅವನಿಗೆ ಇಪ್ಪತ್ತೇಳು ವರ್ಷ.

ಈ ಕಾಗದವನ್ನು ಇಂದು ಓದುವ ಯಾವ ತಂದೆಗೂ ನಾಲಿಗೆಯ ತುದಿಗೆ ಬರುವ ಮಾತು ಒಂದೇ: "ನಾನು ಆವತ್ತೇ ಹೇಳಲಿಲ್ಲವೆ?" ಬಿಷಪ್ ಮಿಲ್ಟನ್ ಅವರು ಹಾಗೆ ಬರೆಯಲಿಲ್ಲ. ಕಾಲೇಜಿಗೆ ಹೋಗುವುದಾದರೆ ಕೈಲಾದಷ್ಟು ನೆರವು ಕೊಡುತ್ತೇನೆ, ವ್ಯಾಪಾರದ ಬದುಕು ನಿನಗೆ ಅಷ್ಟಾಗಿ ಒಗ್ಗಲಾರದೆಂದು ನನಗೂ ಅನಿಸುತ್ತದೆ ಎಂದು ಉತ್ತರಿಸಿದರು. ಅಂಗಡಿ ಮುಚ್ಚು ಎನ್ನಲಿಲ್ಲ, ಅಂಗಡಿಯಲ್ಲೇ ಇರು ಎಂದೂ ಹೇಳಲಿಲ್ಲ. ಬಾಗಿಲು ತೆರೆದಿದೆ ಎಂದಷ್ಟೇ ಹೇಳಿದರು.

ಸೋಜಿಗವೆಂದರೆ, ತೆರೆದ ಬಾಗಿಲಿನಿಂದ ವಿಲ್ಬರ್ ಹೋಗಲಿಲ್ಲ. ಅಂಗಡಿಯಲ್ಲೇ ಉಳಿದ. ಆದರೆ ಇನ್ನು ಮೇಲೆ ಅದು ಬೇರೆ ದಾರಿ ಕಾಣದೆ ಉಳಿದದ್ದಲ್ಲ, ಆರಿಸಿಕೊಂಡು ಉಳಿದದ್ದು. ಈ ಎರಡಕ್ಕೂ ಅಜಗಜಾಂತರ ಇದೆ. ಬೇರೆ ದಾರಿ ಇದೆ ಎಂದು ಗೊತ್ತಿರುವವನು ಇರುವ ಕೆಲಸವನ್ನು ಬೈಯುತ್ತ ಮಾಡುವುದಿಲ್ಲ.

ಕೈಯಿಂದ ಮಾಡಿದ ಸೈಕಲ್

1896ರಲ್ಲಿ ಅಣ್ಣತಮ್ಮಂದಿರು ತಮ್ಮದೇ ಸೈಕಲ್ ತಯಾರಿಸತೊಡಗಿದರು. ಒಂದಕ್ಕೆ 'ವ್ಯಾನ್ ಕ್ಲೀವ್' ಎಂದು ಹೆಸರು. ಅದು ಡೇಟನ್ ಊರಿಗೆ ಮೊದಲು ಬಂದು ನೆಲೆಸಿದವರಲ್ಲಿ ಒಬ್ಬರಾಗಿದ್ದ ಅವರ ಪೂರ್ವಜರ ಮನೆತನದ ಹೆಸರು. ಇನ್ನೊಂದು ಕಡಿಮೆ ಬೆಲೆಯ 'ಸೇಂಟ್ ಕ್ಲೇರ್'. ದೊಡ್ಡ ಕಾರ್ಖಾನೆಗಳು ಸೈಕಲ್‌ಗಳನ್ನು ರಾಶಿರಾಶಿಯಾಗಿ ಹೊರತರುತ್ತಿದ್ದ ಕಾಲ ಅದು. ಇವರು ಮಾತ್ರ ಗಿರಾಕಿ ಹೇಳಿದ ಮೇಲೆ ಒಂದೊಂದನ್ನೇ ಕೂಡಿಸುತ್ತಿದ್ದರು. ಚಕ್ರದ ಹಬ್‌ಗೆ ಧೂಳು ಹೋಗದಂತೆ, ಹಾಕಿದ ಎಣ್ಣೆ ಹೊರಗೆ ಸೋರದಂತೆ ತಾವೇ ಒಂದು ವ್ಯವಸ್ಥೆ ಮಾಡಿದರು.

ಪೆಡಲ್‌ನ ವಿಷಯವನ್ನು ಸೈಕಲ್ ಬಿಚ್ಚಿದ ಹುಡುಗರೆಲ್ಲ ಬಲ್ಲರು. ಬಲಗಡೆಯ ಪೆಡಲನ್ನು ಎಲ್ಲ ತಿರುಪಿನ ಹಾಗೆ ಬಿಚ್ಚಬಹುದು. ಎಡಗಡೆಯದಕ್ಕೆ ತಿರುವು ಉಲ್ಟಾ. ಗೊತ್ತಿಲ್ಲದವರು ಸ್ಪ್ಯಾನರ್ ಹಿಡಿದು ಬೆವರು ಸುರಿಸಿದಷ್ಟೂ ಅದು ಇನ್ನೂ ಬಿಗಿಯಾಗುತ್ತದೆ. ಎರಡಕ್ಕೂ ಒಂದೇ ತಿರುವು ಕೊಟ್ಟರೆ ತುಳಿಯುತ್ತ ಹೋದಂತೆ ಒಂದು ಕಡೆಯ ಪೆಡಲ್ ತಾನಾಗಿ ಸಡಿಲವಾಗಿ ಕಳಚಿಕೊಳ್ಳುತ್ತದೆ. ಕಳಚದ ಇಂಥ ಪೆಡಲ್ ತಮ್ಮ ಸೈಕಲ್‌ಗಳಲ್ಲಿದೆ ಎಂದು ರೈಟ್ ಸಹೋದರರು 1900ರಲ್ಲಿ ಜಾಹೀರಾತು ಕೊಟ್ಟಿದ್ದರು. ದೂರದ ಸವಾರಿಯಲ್ಲಿ ಪೆಡಲ್ ಕಳಚುವುದು ಎಂಥ ಫಜೀತಿ ಎಂಬುದು ಸವಾರನಿಗೆ ಗೊತ್ತು. ಹವ್ಯಾಸ ಅಂಗಡಿಗೆ ಕೊಡುವ ನಿಜವಾದ ಬಂಡವಾಳ ಇದು. ಗಿರಾಕಿ ಎಲ್ಲಿ ಬೀಳುತ್ತಾನೆಂದು ಅಂಗಡಿಯವನಿಗೆ ಗೊತ್ತಿರುತ್ತದೆ, ಏಕೆಂದರೆ ಅವನೂ ಅಲ್ಲೇ ಬಿದ್ದು ಎದ್ದವನು.

ಆದರೆ ಹವ್ಯಾಸಕ್ಕೆ ಅಂಗಡಿ ಏನು ಕೊಟ್ಟಿತು? ಬೇಸಿಗೆಯ ಸವಾರಿಯ ದಿನಗಳನ್ನಂತೂ ಕೊಡಲಿಲ್ಲ. ಅವೆಲ್ಲ ಗಿರಾಕಿಯ ಪಾಲು. ಕೊಟ್ಟದ್ದು ಚಳಿಗಾಲವನ್ನು. ಉಳಿದ ಅಂಗಡಿಯವರು ಶಪಿಸುತ್ತಿದ್ದ, ವ್ಯಾಪಾರವಿಲ್ಲದ ಆ ಖಾಲಿ ತಿಂಗಳುಗಳೇ ಇವರ ಸ್ವಂತದ ಕಾಲವಾದವು.

ಬಿಡುವಿನ ಲೆಕ್ಕ

1896ರಲ್ಲಿ ಜರ್ಮನಿಯ ಒಟ್ಟೊ ಲಿಲಿಯೆಂತಾಲ್ ಗಾಳಿಯಲ್ಲಿ ತೇಲುವ ಗ್ಲೈಡರ್‌ನಿಂದ ಬಿದ್ದು ಸತ್ತ ಸುದ್ದಿ ಬಂತು. ಅದೇ ವರ್ಷ ಆರ್ವಿಲ್ ಟೈಫಾಯ್ಡ್‌ನಿಂದ ಹಾಸಿಗೆ ಹಿಡಿದಿದ್ದ. ಹಾರುವುದರ ಬಗ್ಗೆ ಅಣ್ಣತಮ್ಮಂದಿರಲ್ಲಿ ಹಳೆಯ ಕುತೂಹಲ ಮತ್ತೆ ಚಿಗುರಿತು. ಚಿಕ್ಕಂದಿನಲ್ಲಿ ತಂದೆ ತಂದುಕೊಟ್ಟ, ರಬ್ಬರ್ ಸುತ್ತಿ ಬಿಟ್ಟರೆ ಮೇಲಕ್ಕೆ ಹಾರುವ ಆಟಿಕೆಯನ್ನು ಅವರು ಮರೆತಿರಲಿಲ್ಲ.

1899ರ ಮೇ 30ರಂದು ವಿಲ್ಬರ್ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಗೆ ಕಾಗದ ಬರೆದು, ಹಾರುವಿಕೆಯ ಬಗೆಗಿನ ಪುಸ್ತಕಗಳ ವಿವರ ಕೇಳಿದ. ಆ ಕಾಗದದಲ್ಲಿ ಗಮನಿಸಬೇಕಾದ ಮಾತೊಂದಿದೆ. ತನ್ನ ದಿನನಿತ್ಯದ ವ್ಯಾಪಾರದಿಂದ ಉಳಿಸಬಹುದಾದ ಸಮಯವನ್ನು ಇದಕ್ಕೆ ಕೊಡುತ್ತೇನೆ ಎಂದು ಅವನು ಬರೆದಿದ್ದ. ಮರುವರ್ಷ ಆಕ್ಟೇವ್ ಶನೂಟ್ ಎಂಬ ಹಿರಿಯ ಎಂಜಿನಿಯರ್‌ಗೆ ಬರೆದ ಮೊದಲ ಕಾಗದದಲ್ಲಿ ಲೆಕ್ಕ ಇನ್ನೂ ಸ್ಪಷ್ಟ. ವ್ಯಾಪಾರದ ಕಾರಣದಿಂದ ತನ್ನ ಪ್ರಯೋಗಗಳು ಸೆಪ್ಟೆಂಬರ್ ಮತ್ತು ಜನವರಿಯ ನಡುವಿನ ತಿಂಗಳುಗಳಿಗೆ ಮಾತ್ರ ಸೀಮಿತ ಎಂದು ತಿಳಿಸಿದ.

ನೋಡಿ, ಇದೇ ಸಮತೋಲ. ದಿನವೂ ಅಷ್ಟಿಷ್ಟು ಎಂದು ಕದ್ದು ಹಂಚಿಕೊಂಡದ್ದಲ್ಲ. ಇಷ್ಟು ತಿಂಗಳು ಅಂಗಡಿಗೆ, ಇಷ್ಟು ತಿಂಗಳು ಅಕ್ಕರೆಗೆ ಎಂದು ಬೇಲಿ ಹಾಕಿಕೊಂಡದ್ದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ದುಡ್ಡಿಗೆ ಮಾತ್ರವಲ್ಲ, ಕಾಲಕ್ಕೂ ಸಲ್ಲುತ್ತದೆ. ಭಾನುವಾರವಂತೂ ಇವೆರಡಕ್ಕೂ ಸೇರಿದ್ದಲ್ಲ. ಆ ದಿನ ಕೆಲಸ ಮಾಡುವುದಿಲ್ಲ ಎಂಬ ಮನೆಯ ನಿಯಮವನ್ನು ಅವರು ಮೀರಲಿಲ್ಲ. 1903ರ ಡಿಸೆಂಬರ್ 13ರಂದು ವಿಮಾನ ಸಿದ್ಧವಾಗಿತ್ತು, ಹವೆ ಅನುಕೂಲವಾಗಿತ್ತು. ಆದರೆ ಅಂದು ಭಾನುವಾರ. ಅವರು ಹಾರಿಸಲಿಲ್ಲ.

ಬೇಲಿ ಇದ್ದರೂ ಆಚೆಯ ಗಾಳಿ ಈಚೆಗೆ ಬೀಸುತ್ತಿತ್ತು. 1899ರ ಬೇಸಿಗೆಯಲ್ಲಿ ವಿಲ್ಬರ್ ಅಂಗಡಿಯಲ್ಲಿ ಗಿರಾಕಿಯೊಂದಿಗೆ ಮಾತನಾಡುತ್ತ, ಸೈಕಲ್ ಟ್ಯೂಬಿನ ಖಾಲಿ ರಟ್ಟಿನ ಡಬ್ಬವನ್ನು ಕೈಯಲ್ಲಿ ಹಿಡಿದು ತಿರುಚುತ್ತಿದ್ದ. ಡಬ್ಬದ ಒಂದು ತುದಿ ಒಂದು ಕಡೆಗೂ ಇನ್ನೊಂದು ತುದಿ ಇನ್ನೊಂದು ಕಡೆಗೂ ಹೊರಳಿತು. ರೆಕ್ಕೆಗಳನ್ನು ಹೀಗೆಯೇ ತಿರುಚಿದರೆ ಹಾರುವಾಗ ಸಮತೋಲ ಕಾಯಬಹುದಲ್ಲ ಎಂದು ಹೊಳೆಯಿತು. ಸೈಕಲ್ ತುಳಿಯುವವನಿಗೆ ಸಮತೋಲದ ವಿಷಯ ಹೇಳಿಕೊಡಬೇಕಾಗಿಲ್ಲ. ಸೈಕಲ್ ತಾನಾಗಿ ನಿಲ್ಲುವ ಗಾಡಿಯಲ್ಲ, ಸವಾರ ಕ್ಷಣಕ್ಷಣವೂ ತಿದ್ದುತ್ತಿದ್ದರೆ ಮಾತ್ರ ನಿಲ್ಲುತ್ತದೆ. ಆ ಕಾಲದ ಹಲವರು ತಾನಾಗಿ ಸ್ಥಿರವಾಗಿರುವ ಯಂತ್ರಕ್ಕಾಗಿ ತಲೆ ಕೆಡಿಸಿಕೊಂಡಿದ್ದಾಗ, ಈ ಸೈಕಲ್ ಸವಾರರು ಸವಾರನ ಕೈಯಲ್ಲಿ ಹತೋಟಿ ಇರಬೇಕು ಎಂದು ಯೋಚಿಸಿದರು.

ಅಂಗಡಿ ನೋಡಿಕೊಳ್ಳುವವರು ಯಾರು?

1900ರ ಸೆಪ್ಟೆಂಬರ್‌ನಲ್ಲಿ, ಸೈಕಲ್ ಹಂಗಾಮು ಮುಗಿದ ಮೇಲೆ, ಇಬ್ಬರೂ ನಾರ್ತ್ ಕ್ಯಾರೊಲಿನಾದ ಕಡಲ ತೀರದ ಕಿಟಿ ಹಾಕ್‌ಗೆ ಗ್ಲೈಡರ್ ಹೊತ್ತುಕೊಂಡು ಹೋದರು. ಅಲ್ಲಿಯ ತನಕ ಬೇಲಿ ಭದ್ರ. ಮರುವರ್ಷ ಅವರಿಗೆ ತಡೆಯಲಾಗಲಿಲ್ಲ. 1901ರ ಜುಲೈನಲ್ಲೇ, ಅಂಗಡಿಗೆ ಗಿರಾಕಿಗಳು ಬರುವ ಕಾಲದಲ್ಲೇ, ಹೊರಟು ನಿಂತರು. ಆದರೆ ಅಂಗಡಿಗೆ ಬೀಗ ಹಾಕಿ ಹೋಗಲಿಲ್ಲ. ಚಾರ್ಲಿ ಟೇಲರ್ ಎಂಬ ನುರಿತ ಮೆಕ್ಯಾನಿಕ್‌ನನ್ನು ವಾರಕ್ಕೆ 18 ಡಾಲರ್ ಸಂಬಳಕ್ಕೆ ಇಟ್ಟುಕೊಂಡರು. ಹೈಸ್ಕೂಲಿನಲ್ಲಿ ಲ್ಯಾಟಿನ್ ಕಲಿಸುತ್ತಿದ್ದ ತಂಗಿ ಕ್ಯಾಥರೀನ್ ಅಂಗಡಿಯ ಮೇಲೆ ಒಂದು ಕಣ್ಣಿಟ್ಟಳು. ಟೇಲರ್‌ಗೂ ಅವಳಿಗೂ ಅಷ್ಟಾಗಿ ಕೂಡಿಬರುತ್ತಿರಲಿಲ್ಲ. ಆದರೂ ಅಂಗಡಿ ನಡೆಯಿತು. ಒಬ್ಬರ ಹವ್ಯಾಸಕ್ಕೆ ಮನೆಯ ಇನ್ನೊಬ್ಬರ ಸಮಯ ಸಂದಾಯವಾಗುತ್ತದೆ ಎಂಬುದನ್ನು ಹವ್ಯಾಸಿಗಳು ಮರೆಯಬಾರದು. ರೈಟ್ ಸಹೋದರರ ಕಥೆಯಲ್ಲಿ ಕ್ಯಾಥರೀನ್‌ಳ ಹೆಸರು ಚಿಕ್ಕ ಅಕ್ಷರದಲ್ಲಿ ಬರುವುದು ನ್ಯಾಯವಲ್ಲ.

ಆ ವರ್ಷದ ಪ್ರಯೋಗ ನಿರಾಸೆ ತಂದಿತು. ಹಿರಿಯರು ಬರೆದಿಟ್ಟ ಲೆಕ್ಕಗಳಿಗೂ ರೆಕ್ಕೆಯ ನಡತೆಗೂ ತಾಳೆಯಾಗಲಿಲ್ಲ. ಊರಿಗೆ ಬಂದು ಅವರು ಮಾಡಿದ್ದೇನು? ಸೈಕಲ್ಲಿನ ಹ್ಯಾಂಡಲ್ ಮುಂದೆ ಇನ್ನೊಂದು ಚಕ್ರವನ್ನು ಅಡ್ಡಡ್ಡಲಾಗಿ ಕೂರಿಸಿ, ಅದಕ್ಕೆ ರೆಕ್ಕೆಯ ಚೂರುಗಳನ್ನು ಕಟ್ಟಿ, ರಸ್ತೆಯಲ್ಲಿ ವೇಗವಾಗಿ ತುಳಿದರು. ಗಾಳಿಯ ಒತ್ತಡಕ್ಕೆ ಚಕ್ರ ಯಾವ ಕಡೆ ತಿರುಗುತ್ತದೆಂದು ನೋಡಿದರು. ದಾರಿಹೋಕರು ಏನೆಂದುಕೊಂಡರೋ! ಬಳಿಕ ಅಂಗಡಿಯಲ್ಲೇ ಆರು ಅಡಿ ಉದ್ದದ ಮರದ ಪೆಟ್ಟಿಗೆ ಮಾಡಿ, ಒಂದು ಕಡೆಯಿಂದ ಫ್ಯಾನಿನ ಗಾಳಿ ಬಿಟ್ಟು, ಪುಟ್ಟ ಲೋಹದ ರೆಕ್ಕೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಒಳಗಿನ ತಕ್ಕಡಿಯನ್ನು ಮಾಡಿದ್ದು ಸೈಕಲ್ ಕಡ್ಡಿ ಮತ್ತು ಹಳೆಯ ಗರಗಸದ ಬ್ಲೇಡುಗಳಿಂದ. ಈ ಪೆಟ್ಟಿಗೆಯಿಂದ ಬಂದ ಅಂಕಿಗಳೇ ಮುಂದೆ ವಿಮಾನದ ಅಡಿಪಾಯವಾದವು.

ಅಂಥ ಕೆಲಸವನ್ನೂ ಅವರು 1901ರ ಡಿಸೆಂಬರ್‌ನಲ್ಲಿ ನಿಲ್ಲಿಸಿದರು. ಮುಂದಿನ ವಸಂತದ ಸೈಕಲ್ ತಯಾರಿಕೆ ಕಾಯುತ್ತಿತ್ತು! ಶನೂಟ್‌ಗೆ ಇದು ಕಳವಳ ತಂದಿತು. ಸಿರಿವಂತ ಆಂಡ್ರೂ ಕಾರ್ನೆಗಿಯಂಥವರಿಂದ ವರ್ಷಕ್ಕೆ 10,000 ಡಾಲರ್ ಕೊಡಿಸಿದರೆ ಹೇಗೆ ಎಂದು ಕೇಳಿದ. ವಿಲ್ಬರ್ ಒಪ್ಪಲಿಲ್ಲ. ವ್ಯಾಪಾರವನ್ನು ಪೂರ್ತಿ ಬಿಟ್ಟು ಬೇರೊಂದನ್ನೇ ಜೀವನದ ಕೆಲಸ ಮಾಡಿಕೊಳ್ಳುವ ಉದ್ದೇಶವಿಲ್ಲದೆ ಇಂಥ ನೆರವು ಪಡೆಯುವುದು ಸರಿಯಲ್ಲ ಎಂದು ತಿಳಿಸಿದ. ಊರುವ ಹೆಜ್ಜೆಗೆ ನೆಲ ಸಿಗುವ ತನಕ ಊರಿದ ಹೆಜ್ಜೆ ಎತ್ತದ ಮನುಷ್ಯನ ಮಾತು ಅದು.

1903ರ ಡಿಸೆಂಬರ್ 17ರಂದು ಏನಾಯಿತೆಂದು ಎಲ್ಲರಿಗೂ ಗೊತ್ತು. ಮೊದಲ ಹಾರಾಟ 12 ಸೆಕೆಂಡು, 120 ಅಡಿ. ಅಂದಿನ ನಾಲ್ಕನೆಯದು 59 ಸೆಕೆಂಡು, 852 ಅಡಿ. ಎಂಜಿನ್ ಮಾಡಿದವನು ಅಂಗಡಿಯ ಚಾರ್ಲಿ ಟೇಲರ್. ಪ್ರೊಪೆಲರ್ ತಿರುಗಿಸಿದ್ದು ಸೈಕಲ್ಲಿನಲ್ಲಿ ಇರುವಂಥದೇ ಚೈನು ಮತ್ತು ಹಲ್ಲುಚಕ್ರ. ಹಳಿಯ ಮೇಲೆ ವಿಮಾನವನ್ನು ಹೊತ್ತು ಓಡಿದ ಗಾಡಿಗೆ ಇದ್ದದ್ದು ಸೈಕಲ್ ಹಬ್. ನಾಲ್ಕು ವರ್ಷದ ಪ್ರಯೋಗಗಳಿಗೆಲ್ಲ ಸೇರಿ ಅವರ ಖರ್ಚು ಸಾವಿರ ಡಾಲರಿಗಿಂತ ಕಡಿಮೆ, ಅದೂ ಅಂಗಡಿಯ ದುಡಿಮೆಯದೇ. ಅದೇ ತಿಂಗಳ 8ರಂದು ಸರ್ಕಾರದ 50,000 ಡಾಲರ್ ನೆರವು ಪಡೆದಿದ್ದ ಸ್ಯಾಮ್ಯುಯೆಲ್ ಲ್ಯಾಂಗ್ಲಿಯ ಯಂತ್ರ ಪೊಟೊಮ್ಯಾಕ್ ನದಿಗೆ ಬಿದ್ದಿತ್ತು.

ಇನ್ನೊಬ್ಬ ಸವಾರ

ಅದೇ ಕಾಲಕ್ಕೆ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಇನ್ನೊಬ್ಬ ಸವಾರನಿದ್ದ. ಹೆಸರು ವಿಲಿಯಂ ಮಾರಿಸ್. ಹದಿನೈದಕ್ಕೆ ಶಾಲೆ ಬಿಟ್ಟು ಸೈಕಲ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಸಂಬಳ ಹೆಚ್ಚಿಸಿ ಎಂದಾಗ ಮಾಲೀಕ ಒಪ್ಪಲಿಲ್ಲ. 1893ರಲ್ಲಿ, ಹದಿನಾರರ ವಯಸ್ಸಿನಲ್ಲಿ, 4 ಪೌಂಡ್ ಬಂಡವಾಳ ಹಾಕಿ ಅಪ್ಪ-ಅಮ್ಮನ ಮನೆಯಲ್ಲೇ ರಿಪೇರಿ ಶುರುಮಾಡಿದ. ಬಳಿಕ ತಾನೇ ಸೈಕಲ್ ಕಟ್ಟಿದ, ಕಟ್ಟಿದ್ದನ್ನು ಹತ್ತಿ ಪಂದ್ಯಗಳಿಗೆ ಇಳಿದ. ಆಕ್ಸ್‌ಫರ್ಡ್, ಬರ್ಕ್‌ಷೈರ್, ಬಕಿಂಗ್‌ಹ್ಯಾಮ್‌ಷೈರ್ ಮೂರು ಜಿಲ್ಲೆಗಳಲ್ಲಿ ಚಾಂಪಿಯನ್ ಆದ. ರೈಟ್ ಸಹೋದರರು ಸವಾರಿಯನ್ನೂ ಅಂಗಡಿಯನ್ನೂ ಬೇರೆಬೇರೆ ಇಟ್ಟರೆ, ಮಾರಿಸ್ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದ. ಅವನು ಗೆದ್ದ ಪ್ರತಿ ಪಂದ್ಯವೂ ಅಂಗಡಿಗೆ ಪುಕ್ಕಟೆ ಜಾಹೀರಾತು.

ಆದರೆ ಅಂಗಡಿ ದೊಡ್ಡದಾಗಬೇಕೆಂದು ಪಾಲುದಾರರನ್ನು ಸೇರಿಸಿಕೊಂಡಾಗ ಪೆಟ್ಟು ಬಿತ್ತು. 1904ರಲ್ಲಿ ಆ ವ್ಯಾಪಾರ ಮುಳುಗಿತು. ಮಾರಿಸ್‌ನ ಕೈಯಲ್ಲಿ ಉಳಿದದ್ದು ತನ್ನ ಉಪಕರಣಗಳು ಮತ್ತು 50 ಪೌಂಡ್ ಸಾಲ. ಆ ಉಪಕರಣಗಳಿಂದಲೇ ಮತ್ತೆ ಶುರುಮಾಡಿದ. ಮುಂದೆ ಮೋಟಾರು ಕಾರು ತಯಾರಿಕೆಗೆ ಇಳಿದು ಲಾರ್ಡ್ ನಫೀಲ್ಡ್ ಆದ. ಅವನ ಹೆಸರು ಹೊತ್ತ 'ಮಾರಿಸ್ ಆಕ್ಸ್‌ಫರ್ಡ್' ಕಾರಿನ ಮೂರನೆಯ ಸರಣಿಯೇ ಭಾರತದ ರಸ್ತೆಗಳಲ್ಲಿ 2014ರ ತನಕ ತಯಾರಾಗಿ ಓಡಿದ ಅಂಬಾಸಡರ್‌ನ ಮೂಲ. ಮಾರಿಸ್‌ನ ಕಥೆ ಹೇಳುವುದೂ ರೈಟರ ಕಥೆಯ ಮಾತನ್ನೇ. ಕೈಯ ಕಸುಬು ಉಳಿದರೆ ಬಿದ್ದರೂ ಏಳಬಹುದು. ಬೇಲಿ ಮರೆತು ಕಾಲು ಚಾಚಿದರೆ ಚಾಂಪಿಯನ್ ಕೂಡ ಬೀಳುತ್ತಾನೆ.

ಕೇಳಬೇಕಾದ ಪ್ರಶ್ನೆ

ಸೈಕಲ್ ಅಂಗಡಿ ಇಟ್ಟವರೆಲ್ಲ ವಿಮಾನ ಹಾರಿಸುವುದಿಲ್ಲ, ಕಾರು ಮಾಡುವುದೂ ಇಲ್ಲ. ಹಾಗೆಂದು ಮಕ್ಕಳಿಗೆ ಆಸೆ ತೋರಿಸುವುದು ತಪ್ಪು. ಬಹುಪಾಲು ಅಂಗಡಿಗಳು ಅಂಗಡಿಗಳಾಗಿಯೇ ಉಳಿಯುತ್ತವೆ, ಸಂಸಾರ ಸಾಕುತ್ತವೆ. ಅದೇನೂ ಸಣ್ಣ ಮಾತಲ್ಲ.

ಆದ್ದರಿಂದ ಮಗನೋ ಮಗಳೋ ಹವ್ಯಾಸವನ್ನೇ ಕಸುಬು ಮಾಡುತ್ತೇನೆ ಎಂದಾಗ ಬೇಡ ಎನ್ನುವ ಮೊದಲು, ಭಲೇ ಎನ್ನುವುದಕ್ಕೂ ಮೊದಲು, ಕೆಲವು ಪ್ರಶ್ನೆ ಕೇಳುವುದು ಒಳ್ಳೆಯದು. ನಿನ್ನ ಸೈಕಲ್ ತುಳಿಯುವುದು ನಿನಗೆ ಇಷ್ಟ ಸರಿ, ಬೇರೆಯವರ ಸೈಕಲ್ ಬಿಚ್ಚುವುದೂ ಇಷ್ಟವೇ? ವ್ಯಾಪಾರವಿಲ್ಲದ ತಿಂಗಳಲ್ಲಿ ಏನು ಮಾಡುತ್ತೀ? ನೀನಿಲ್ಲದಾಗ ಅಂಗಡಿ ನೋಡುವವರು ಯಾರು, ಅವರಿಗೆ ಸಂಬಳ ಎಷ್ಟು? ವಾರದಲ್ಲಿ ಯಾವ ದಿನ ಅಂಗಡಿ ಮುಚ್ಚಿರುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವಷ್ಟರಲ್ಲಿ ಹುಡುಗನಿಗೇ ತನ್ನ ಮನಸ್ಸು ಅರ್ಥವಾಗುತ್ತದೆ. ಕೆಲವರು ಸವಾರಿಯನ್ನು ಸವಾರಿಯಾಗಿಯೇ ಉಳಿಸಿಕೊಂಡು ಬೇರೆ ಕೆಲಸ ಹಿಡಿಯುತ್ತಾರೆ. ಅದೂ ಸೋಲಲ್ಲ.

1904ರ ಹೊತ್ತಿಗೆ ರೈಟ್ ಸಹೋದರರು ಹೊಸ ಸೈಕಲ್ ತಯಾರಿಸುವುದನ್ನು ನಿಲ್ಲಿಸಿದರು. ವಿಲ್ಬರ್ 1912ರಲ್ಲಿ ಟೈಫಾಯ್ಡ್‌ನಿಂದ ತೀರಿಕೊಂಡ. ಆರ್ವಿಲ್ 1948ರ ತನಕ ಬದುಕಿದ್ದ. ಅವರ ಅಂಗಡಿ ಹಲವು ಸಲ ಜಾಗ ಬದಲಾಯಿಸಿತ್ತು. ವಿಮಾನದ ಕೆಲಸ ನಡೆದ ಕೊನೆಯ ಅಂಗಡಿಯ ಕಟ್ಟಡವನ್ನು ಹೆನ್ರಿ ಫೋರ್ಡ್ 1930ರ ದಶಕದಲ್ಲಿ ಮಿಷಿಗನ್ ರಾಜ್ಯಕ್ಕೆ ಸಾಗಿಸಿ ತನ್ನ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದ. ಇನ್ನೊಂದು ಡೇಟನ್‌ನ ಸೌತ್ ವಿಲಿಯಮ್ಸ್ ಸ್ಟ್ರೀಟ್‌ನಲ್ಲಿ ಇಂದಿಗೂ ಇದೆ. ಇಟ್ಟಿಗೆಯ ಸಾಧಾರಣ ಕಟ್ಟಡ. ಪೇಟೆಯ ಯಾವುದೇ ಅಂಗಡಿಯ ಹಾಗೆ ಕಾಣುತ್ತದೆ.

ಮಗನ ಬೇಸರದ ಕಾಗದಕ್ಕೆ ಬಿಷಪ್ ಮಿಲ್ಟನ್ ಅವರು ಅಂದು ಸಿಟ್ಟಿನ ಉತ್ತರ ಬರೆದಿದ್ದರೆ ಮುಂದಿನದೆಲ್ಲ ಏನಾಗುತ್ತಿತ್ತೋ ಹೇಳಲಾಗದು. ಅವರು ಬರೆದದ್ದು ನಾಲ್ಕು ಸಾಲಿನ ಸಮಾಧಾನದ ಮಾತು. ಮಗ ಅಂಗಡಿಯಲ್ಲೇ ಉಳಿದ, ಆದರೆ ಬೇಲಿಯ ಆಚೆಗೂ ಒಂದಿಷ್ಟು ಜಾಗ ಉಳಿಸಿಕೊಂಡ.